ಆರದ ಬ್ಯಾಟರಿ, ಆರಿದ ಕಂದೀಲು

ಸ್ವಲ್ಪ ತಡೆಯಿರಿ. ಫೋನಿನ ಲೈಟ್ ಹಾಕಿಕೊಂಡು ಹಳೆಯ ಬಾವಿಗೋ ನೀರಿನ ಸಂಪಿಗೋ ಇಳಿಯಲು ಹೊರಟಿದ್ದರೆ, ಮೊದಲು ಇದನ್ನು ಓದಿ. ಕಳೆದ ವಾರ ನಮ್ಮ ಓಣಿಯಲ್ಲಿ ಒಬ್ಬರು ವರ್ಷದಿಂದ ಮುಚ್ಚಿದ್ದ ಸಂಪಿನ ಮುಚ್ಚಳ ತೆಗೆದು, ಫೋನಿನ ಬೆಳಕು ಬಿಟ್ಟು, ತಳ ಸ್ವಚ್ಛ ಕಾಣುತ್ತದೆ ಎಂದು ಒಂದು ಕಾಲು ಒಳಗಿಟ್ಟರು. ನಾನು ಓಡಿಹೋಗಿ ಅವರ ಕಾಲರ್ ಹಿಡಿದು ಹಿಂದಕ್ಕೆ ಎಳೆದೆ. ಅಂಗಿ ಹರಿಯಿತು, ಅವರಿಗೆ ಸಿಟ್ಟೂ ಬಂತು. ಯಾಕೆ ಎಳೆದೆ ಎಂದು ಅಲ್ಲೇ ನಿಂತು ಹೇಳಲು ನನ್ನಿಂದ ಆಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು ೧೯೮೭ರ ಬೇಸಿಗೆ. ಆಳಂದದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಡಬ್ಬಾ ಅಂಗಡಿ ಇತ್ತು. ರೇಡಿಯೋ ಮತ್ತು ಬ್ಯಾಟರಿ ರಿಪೇರಿ ನನ್ನ ಕೆಲಸ. ನಮ್ಮ ಕಡೆ ಟಾರ್ಚ್‌ಗೆ ಯಾರೂ ಟಾರ್ಚ್ ಅನ್ನುವುದಿಲ್ಲ, ಬ್ಯಾಟರಿ ಅನ್ನುತ್ತಾರೆ. ನನಗೆ ಇಪ್ಪತ್ಮೂರು ವರ್ಷ. ಐಟಿಐ ಇಲ್ಲ, ಗುರು ಇಲ್ಲ. ಮನೆಯ ರೇಡಿಯೋ ಬಿಚ್ಚಿ, ಕೂಡಿಸಲು ಬಾರದೆ ಅಪ್ಪನ ಕೈಲಿ ಒದೆ ತಿಂದು, ಮತ್ತೆ ಬಿಚ್ಚಿ ಕಲಿತವನು ನಾನು. ಕಲಿತದ್ದು ಸ್ವಲ್ಪ, ಹುಮ್ಮಸ್ಸು ಮಾತ್ರ ಬಹಳ. ಆ ವರ್ಷ ಎರಡು ಬ್ಯಾಟರಿಗಳ ಕೊಳವೆಗಳನ್ನು ಬೆಸುಗೆ ಹಾಕಿ ಐದು ಸೆಲ್ಲಿನ ಉದ್ದನೆಯ ಬ್ಯಾಟರಿ ಮಾಡಿದ್ದೆ. ಒಂದು ಸೆಲ್ಲಿಗೆ ಒಂದೂವರೆ ವೋಲ್ಟ್, ಐದಕ್ಕೆ ಏಳೂವರೆ. ಅದಕ್ಕೆ ತಕ್ಕ ಬಲ್ಬು, ಬೆಳಕು ಚೆಲ್ಲದ ಹಾಗೆ ಹಳೆಯ ಸ್ಕೂಟರಿನ ಹೆಡ್‌ಲೈಟಿನ ಬಟ್ಟಲು. ಅಂಗಡಿಗೆ ಬಂದವರಿಗೆಲ್ಲ ಹಗಲಿನಲ್ಲೇ ಹಾಕಿ ತೋರಿಸುತ್ತಿದ್ದೆ. ಕಂದೀಲಿನ ಕಾಲ ಮುಗಿಯಿತು, ಇದು ಗಾಳಿಗೂ ಆರುವುದಿಲ್ಲ, ಮಳೆಗೂ ಆರುವುದಿಲ್ಲ ಎಂದು ಭಾಷಣ ಬೇರೆ.

ಆ ಭಾಷಣ ಕೇಳಿ ಮೊದಲನೆಯದನ್ನು ಮಾಡಿಸಿಕೊಂಡವನು ಸಿದ್ರಾಮ. ಸರಸಂಬಾ ದಾರಿಯಲ್ಲಿರುವ ಒಂದು ಹಳ್ಳಿಯ ರೈತ, ನನಗಿಂತ ಏಳೆಂಟು ವರ್ಷ ದೊಡ್ಡವನು, ಬಾಯಿ ತುಂಬ ನಗೆಚಾಟಿಕೆ. ಬುಧವಾರ ಮನೆಯ ಹಗೇವು ತೆಗೆಯುತ್ತೇವೆ, ನೀವೇ ಬ್ಯಾಟರಿ ತಗೊಂಡು ಬರ್ರಿ ಎಂದು ಹೇಳಿ ಹೋಗಿದ್ದ.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಹೂಜಿಯ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಅವರದು ಹದಿನಾಲ್ಕು ಅಡಿ ಆಳ. ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಜೋಳಕ್ಕೆ ಹುಳ ಬೀಳುವುದಿಲ್ಲ. ಹುಳ ಬದುಕದ ಕಡೆ ಮನುಷ್ಯ ಬದುಕುತ್ತಾನೆಯೇ ಅನ್ನುವ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹಿರಿಯರಿಗೆ ಹೊಳೆದಿತ್ತು. ಹಿಂದಿನ ದಿನವೇ ಕಲ್ಲು ಸರಿಸಿ ರಾತ್ರಿಯೆಲ್ಲ ಗಾಳಿಯಾಡಲು ಬಿಡುವುದು, ಬೆಳಿಗ್ಗೆ ಕಂದೀಲು ಹಚ್ಚಿ ತಳದವರೆಗೆ ಇಳಿಬಿಡುವುದು, ಅದು ಉರಿದರೆ ಮಾತ್ರ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿಯುವುದು. ಇದು ಅಲ್ಲಿಯ ಪದ್ಧತಿ. ಆ ಊರಲ್ಲಿ ಹಗೇವಿಗೆ ಇಳಿಯುವ ಕೆಲಸ ಖಾಜಾಸಾಬರ ಮನೆತನದ್ದು. ಆಗ ಅವರಿಗೆ ಅರವತ್ತು ದಾಟಿತ್ತು.

ನಾನು ಸೈಕಲ್ ತುಳಿದು ಮುಟ್ಟಿದಾಗ ಬೆಳಿಗ್ಗೆ ಹತ್ತು ಗಂಟೆ. ಅವರ ವಾಡೆಯ, ಅಂದರೆ ಹಳೆಯ ದೊಡ್ಡ ಮನೆಯ, ಅಂಗಳದಲ್ಲಿ ಎರಡು ಗುಂಪು ಎರಡು ಕಡೆ ನಿಂತಿದ್ದವು. ಒಂದು ಕಡೆ ಸಿದ್ರಾಮ, ಅವನ ಹೆಂಡತಿ ಶಾಂತಾಬಾಯಿ, ಆಕೆಯ ತಮ್ಮ ಮಲ್ಲಿನಾಥ. ಇನ್ನೊಂದು ಕಡೆ ಸಿದ್ರಾಮನ ಅಣ್ಣ ಗುರಣ್ಣ ಮತ್ತು ಗುರಣ್ಣನ ಇಬ್ಬರು ಗಂಡುಮಕ್ಕಳು. ಅಣ್ಣತಮ್ಮಂದಿರು ಬೇರೆಯಾಗಿ ವರ್ಷವಾಗಿತ್ತು, ಪಾಲಾಗದೆ ಹಗೇವು ಒಂದೇ ಉಳಿದಿತ್ತು. ಅದನ್ನು ಮುಚ್ಚಿದವನು ಗುರಣ್ಣ, ಸಿದ್ರಾಮ ಊರಲ್ಲಿ ಇಲ್ಲದಾಗ. ರಾತ್ರಿ ತೆರೆದು ಬಿಟ್ಟರೆ ಇನ್ನೊಬ್ಬ ಕದಿಯುತ್ತಾನೆ ಎಂದು ಇಬ್ಬರಿಗೂ ಗುಮಾನಿ. ಹಾಗಾಗಿ ಕಲ್ಲು ಸರಿಸಿದ್ದು ಅದೇ ಬೆಳಿಗ್ಗೆ, ನಾನು ಬರುವುದಕ್ಕೆ ಸ್ವಲ್ಪ ಮೊದಲು.

ಖಾಜಾಸಾಬ್ ಕಟ್ಟೆಯ ಮೇಲೆ ಕೂತು ಕಂದೀಲಿನ ಗಾಜು ಒರೆಸುತ್ತಿದ್ದರು. ಇವತ್ತು ಇಳಿಯುವುದು ಬೇಡ, ನಾಳೆ ನೋಡೋಣ ಎಂದು ಎರಡು ಸಲ ಹೇಳಿದ್ದರಂತೆ. ಸಿದ್ರಾಮ ನನ್ನ ಕೈಯಿಂದ ಬ್ಯಾಟರಿ ಇಸಕೊಂಡು ಒಳಗೆ ಬೆಳಕು ಬಿಟ್ಟ. ತಳದ ಜೋಳ ಬಂಗಾರದ ಹಾಗೆ ಹೊಳೆಯಿತು. ನಾನೂ ಬಗ್ಗಿ ನೋಡಿ, ಒಂದೊಂದೇ ಕಾಳು ಕಾಣುತ್ತದೆ ನೋಡಿರಿ ಎಂದೆ. ಹೆಮ್ಮೆಯಿಂದಲೇ ಅಂದೆ.

“ಚಾಚಾ, ನಿಮ್ಮ ಕಂದೀಲ ನಿಮಗಿಂತ ಮುದಿ ಆಗ್ಯಾದ,” ಎಂದು ಸಿದ್ರಾಮ ನಕ್ಕ. “ನೀವು ಬತ್ತಿ ತಿರುವೂದ್ರಾಗ ನಾ ಇಳದು ಹೊಳ್ಳಿ ಬಂದು ಚಾ ಕುಡೀತೇನಿ.”

“ಬ್ಯಾಟರಿ ತೋರಸ್ತದ ಬೇಟಾ, ಹೇಳೂದಿಲ್ಲ,” ಎಂದರು ಖಾಜಾಸಾಬ್. ಆ ಮಾತು ನನಗೆ ಅರ್ಥವಾಗಲಿಲ್ಲ. ಹಳೆಯ ಕಾಲದವರ ಹಟ ಅಂದುಕೊಂಡೆ.

ನಡುವಿಗೆ ಹಗ್ಗ ಕಟ್ಟಿಕೊ ಎಂದು ಗುರಣ್ಣನೇ ಹಗ್ಗದ ತುದಿ ಹಿಡಿದು ಮುಂದೆ ಬಂದ. ಅದೇ ತಪ್ಪಾಯಿತು. ನಿನ್ನ ಕೈಯಲ್ಲಿ ನನ್ನ ಜೀವ ಕೊಡುವುದಿಲ್ಲ ಎಂದು ಸಿದ್ರಾಮ ಹಗ್ಗ ಕಟ್ಟಿಕೊಳ್ಳಲೇ ಇಲ್ಲ. ಹಗೇವಿನ ಬಾಯಿಗೆ ಅಡ್ಡ ಇಟ್ಟ ತೊಲೆಗೆ ಇನ್ನೊಂದು ಹಗ್ಗ ಬಿಗಿದು, ಬ್ಯಾಟರಿಯನ್ನು ದಾರದಿಂದ ಕೊರಳಿಗೆ ಹಾಕಿಕೊಂಡು, ಕೈಯಲ್ಲೇ ಹಗ್ಗ ಹಿಡಿದು ಇಳಿದ. ತಳ ಮುಟ್ಟಿದ. ಒಮ್ಮೆ ಮೇಲೆ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮೊಣಕಾಲೂರಿ ಮುಗ್ಗರಿಸಿದ. ಜೋಳದಲ್ಲಿ ಮುಖ ಹೂತಿತು. ಬ್ಯಾಟರಿ ಮಾತ್ರ ಪಕ್ಕದ ಗೋಡೆಯ ಮೇಲೆ ದುಂಡಗೆ ಬೆಳಕು ಚೆಲ್ಲುತ್ತಲೇ ಇತ್ತು.

ಶಾಂತಾಬಾಯಿ ಕಿರುಚಿದರು. ಆಮೇಲಿನದೆಲ್ಲ ಒಂದರ ಮೇಲೊಂದು ಆಯಿತು. ಮುಚ್ಚುವಾಗಲೇ ಗುರಣ್ಣ ಒಳಗೆ ವಿಷದ ಔಷಧಿ ಹೊಡೆದಿದ್ದಾನೆ, ಕೊಲ್ಲಬೇಕೆಂದೇ ಮಾಡಿದ್ದಾನೆ ಎಂದು ಮಲ್ಲಿನಾಥ ಕಲ್ಲು ಎಬ್ಬಿಸಿದ್ದ ಕಬ್ಬಿಣದ ಹಾರಿ ತೆಗೆದುಕೊಂಡು ಗುರಣ್ಣನ ಎಡ ಭುಜಕ್ಕೆ ಬೀಸಿದ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಗುರಣ್ಣನ ಮಕ್ಕಳು ಬಡಿಗೆ ಹಿಡಿದು ಬಂದರು. ಓಣಿಯವರು ಎರಡು ಪಾಲಾಗಿ ಒಳಗೆ ನುಗ್ಗಿದರು. ಕಲ್ಲು ಹಾರಿದವು. ಒಬ್ಬನ ತಲೆ ಒಡೆದು ರಕ್ತ ಕಟ್ಟೆಯ ಮೇಲೆ ಚಿಮ್ಮಿತು. ಬಿಡಿಸಲು ಹೋದ ನನ್ನನ್ನು, ಬ್ಯಾಟರಿ ತಂದವನೂ ಇದರಲ್ಲಿ ಕೂಡಿದ್ದಾನೆ ಎಂದು ಯಾರೋ ಬಾಯಿಗೆ ಬಡಿಗೆಯಿಂದ ಹೊಡೆದರು. ಮುಂದಿನ ಎರಡು ಹಲ್ಲು ಅಂಗೈಗೆ ಬಿದ್ದವು. ಆ ಜಾಗ ಇವತ್ತಿಗೂ ಖಾಲಿ ಇದೆ.

ಕಣ್ಣು ತೆರೆದಾಗ ಮಲ್ಲಿನಾಥ ಗುರಣ್ಣನನ್ನು ಕೊರಳಪಟ್ಟಿ ಹಿಡಿದು ಹಗೇವಿನ ಬಾಯಿಗೆ ಎಳೆದು ತಂದಿದ್ದ. ಗುರಣ್ಣನ ತಲೆ ಆಗಲೇ ಗುಂಡಿಯ ಮೇಲಿತ್ತು.

“ಹೋಗಲೇ ನೀನೂ. ತಮ್ಮನ ಸಂಗಾಟ ಅಲ್ಲೇ ಪಾಲು ಮಾಡ್ಕೊ.”

ಇನ್ನೊಂದು ನೂಕು ಸಾಕಿತ್ತು. ಆ ಗದ್ದಲದಲ್ಲಿ ಓಡದೆ ಹೊಡೆಯದೆ ಇದ್ದವರು ಖಾಜಾಸಾಬ್ ಒಬ್ಬರೇ. ಅವರು ಕಂದೀಲು ಹಚ್ಚಿ, ಗುರಣ್ಣನ ಮುಖದ ಪಕ್ಕದಲ್ಲೇ ಕೂತು, ಹಗ್ಗದಿಂದ ಅದನ್ನು ಒಳಗೆ ಬಿಟ್ಟರು. ನಾಲ್ಕು ಅಡಿಗೆ ಉರಿ ಸಣ್ಣದಾಯಿತು. ಆರು ಅಡಿಗೆ ಕೆಂಪಾಗಿ ಪುಸಕ್ಕನೆ ಆರಿಹೋಯಿತು.

“ವಿಷಕ್ಕ ದೀಪ ಆರೂದಿಲ್ಲ ಮಲ್ಲು. ಹವಾ ಇಲ್ಲಂದ್ರ ಆರ್ತದ. ನನ್ನ ಮಾತು ಬ್ಯಾಡ, ನೀನೇ ಬಿಟ್ಟು ನೋಡು.”

ಮೇಲೆಳೆದು ಮತ್ತೆ ಹಚ್ಚಿದರು. ಮಲ್ಲಿನಾಥ ಒಂದು ಕೈಯಲ್ಲಿ ಗುರಣ್ಣನ ಅಂಗಿ ಬಿಡದೆ, ಇನ್ನೊಂದು ಕೈಯಿಂದ ತಾನೇ ಕಂದೀಲು ಇಳಿಸಿದ. ಅದೇ ಆಳಕ್ಕೆ ಆರಿತು. ಮೂರನೆಯ ಸಲ ಹಚ್ಚಿ ಇಳಿಸಿದ. ಆರಿತು. ಕೆಳಗೆ ನನ್ನ ಬ್ಯಾಟರಿ ನಿಚ್ಚಳವಾಗಿ ಉರಿಯುತ್ತಿತ್ತು, ಅದರ ಮೇಲೆ ಕಂದೀಲು ಸತ್ತು ನೇತಾಡುತ್ತಿತ್ತು. ಅಂಗಳದ ಗದ್ದಲ ತಾನಾಗಿ ನಿಂತಿತು. ಮಲ್ಲಿನಾಥ ಕೈ ಸಡಿಲಿಸಿದ.

ವಿಜ್ಞಾನ ನನಗೆ ಆಮೇಲೆ ತಿಳಿಯಿತು. ಮುಚ್ಚಿದ ಜೋಳವೂ ಉಸಿರಾಡುತ್ತದೆ. ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಭಾರ, ತಳದಲ್ಲಿ ಕೂರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಎಂಥ ಬೆಳಕು ಬಿಟ್ಟರೂ ಕಾಣುವುದಿಲ್ಲ. ಕಂದೀಲು ನಮ್ಮ ಹಾಗೆಯೇ ಗಾಳಿ ಕುಡಿದು ಬದುಕುವಂಥದ್ದು, ಅದಕ್ಕೇ ನಮಗಿಂತ ಮೊದಲು ಸತ್ತು ಹೇಳುತ್ತದೆ. ಬ್ಯಾಟರಿಗೆ ಗಾಳಿಯ ಹಂಗಿಲ್ಲ.

ಪಕ್ಕದ ಓಣಿಯ ಕಮ್ಮಾರನ ಕುಲುಮೆಯಿಂದ ಕೈಯಲ್ಲಿ ತಿರುಗಿಸುವ ಗಾಳಿಯಂತ್ರ ತರಿಸಿದೆ. ಬಾವಿಯ ರಬ್ಬರ್ ಪೈಪನ್ನು ಅದರ ಮೂತಿಗೆ ಬಟ್ಟೆಯಿಂದ ಬಿಗಿದು ಒಳಗೆ ಬಿಟ್ಟೆವು. ಬಾಯಿಯಿಂದ ರಕ್ತ ಸುರಿಯುತ್ತಿದ್ದರೂ ತಿರುಗಿಸಿದೆ. ಸೋತಾಗ ಮಲ್ಲಿನಾಥ ತಿರುಗಿಸಿದ. ಕಂದೀಲು ತಳದವರೆಗೆ ಉರಿಯುವಷ್ಟರಲ್ಲಿ ಮುಕ್ಕಾಲು ತಾಸು ಹೋಗಿತ್ತು. ಖಾಜಾಸಾಬ್ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದರು. ಆ ಹಗ್ಗವನ್ನು ಒಂದು ಕಡೆ ಮಲ್ಲಿನಾಥ, ಇನ್ನೊಂದು ಕಡೆ ಗುರಣ್ಣನ ದೊಡ್ಡ ಮಗ ಹಿಡಿದಿದ್ದರು.

ಮೇಲೆ ತಂದು ಅಂಗಳದಲ್ಲಿ ಮಲಗಿಸಿದಾಗ ಸಿದ್ರಾಮ ಹೋಗಿಬಿಟ್ಟಿದ್ದ. ಮೂಗು ಬಾಯಲ್ಲಿ ಜೋಳದ ಕಾಳು. ಕೊರಳಲ್ಲಿ ಬ್ಯಾಟರಿ ಇನ್ನೂ ಉರಿಯುತ್ತಿತ್ತು. ಬಿಸಿಲಿನಲ್ಲಿ ಯಾರಿಗೂ ಕಾಣಲಿಲ್ಲ, ನನಗೆ ಕಂಡಿತು. ಬಗ್ಗಿ ಅದರ ಸ್ವಿಚ್ಚು ಒತ್ತಿ ಆರಿಸಿದೆ.

ಪೊಲೀಸರು ಬಂದರು, ಪಂಚನಾಮೆ ಆಯಿತು. ವಿಷವೇನೂ ಸಿಗಲಿಲ್ಲ. ಹೊಡೆದಾಟದ ಕೇಸು ಬೇರೆಯಾಗಿ ನಡೆಯಿತು. ಗುರಣ್ಣ ಬದುಕಿದ, ಆದರೆ ಎಡಗೈ ಭುಜಕ್ಕಿಂತ ಮೇಲೆ ಏಳಲೇ ಇಲ್ಲ. ಹೇಳಿಕೆ ಬರೆದುಕೊಳ್ಳುವಾಗ ಹವಾಲ್ದಾರರು ಬ್ಯಾಟರಿ ಕೆಟ್ಟಿತ್ತೇನು ಎಂದು ಕೇಳಿದರು. ಇಲ್ಲ, ಚೆನ್ನಾಗಿತ್ತು ಎಂದೆ. ನಾನು ಕೊಟ್ಟ ನಿಜವಾದ ಉತ್ತರಗಳಲ್ಲಿ ಅಷ್ಟು ನಾಚಿಕೆ ಪಟ್ಟಿದ್ದು ಅದೊಂದಕ್ಕೇ.

ಎರಡು ತಿಂಗಳ ಮೇಲೆ ಶಾಂತಾಬಾಯಿ ಅಂಗಡಿಗೆ ಬಂದರು. ಸೆರಗಿನಿಂದ ಆ ಬ್ಯಾಟರಿ ತೆಗೆದು ಹಲಗೆಯ ಮೇಲೆ ಇಟ್ಟರು. ಬೈಯುತ್ತಾರೆ ಅಂದುಕೊಂಡು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ.

“ಇದನ್ನ ವಾಪಸ್ ಇಟಗೋರಿ ಮಾಸ್ತರ. ಕೆಟ್ಟಿಲ್ಲ. ಆರೂದಿಲ್ಲ ಅಂದಿದ್ರಿ, ಆರ್ಲಿಲ್ಲ.”

ಆ ಬ್ಯಾಟರಿಯನ್ನು ಅಂಗಡಿಯಲ್ಲಿ ಮೊಳೆಗೆ ತೂಗುಹಾಕಿದೆ. ಪಕ್ಕದಲ್ಲಿ ಖಾಜಾಸಾಬರಿಂದ ಕೇಳಿ ತಂದ ಒಂದು ಹಳೆಯ ಕಂದೀಲು. ಅಂದಿನಿಂದ ಕೊಳ್ಳಲು ಬಂದ ಒಬ್ಬೊಬ್ಬರಿಗೂ ಹೇಳಿದ್ದು ಒಂದೇ ಮಾತು: ಇದು ದಾರಿ ತೋರಿಸುತ್ತದೆ, ಮುಚ್ಚಿದ ಗುಂಡಿಗೆ ಇದನ್ನು ನಂಬಿ ಇಳಿಯಬೇಡಿ. ನಮ್ಮ ವಸ್ತು ಏನು ಮಾಡುತ್ತದೆ ಎಂದು ಹೇಳುವುದು ಅರ್ಧ ಕೆಲಸ. ಏನು ಮಾಡಲಾರದು ಎಂದು ಹೇಳಿದರೆ ಕೆಲಸ ಪೂರ್ತಿ. ಅದನ್ನು ಕಲಿಯಲು ನನಗೆ ಒಬ್ಬನ ಜೀವ ಬೇಕಾಯಿತು.

ಈಗ ನಿಮ್ಮ ಫೋನಿನಲ್ಲಿರುವುದೂ ಅದೇ ಆರದ ಬೆಳಕು, ಇನ್ನೂ ಜೋರಾದದ್ದು. ಮುಚ್ಚಿಟ್ಟ ಗುಂಡಿ, ಸಂಪು, ಬಾವಿ ಯಾವುದಿದ್ದರೂ ನೀವಾಗಿ ಇಳಿಯಬೇಡಿ, ಬಲ್ಲವರನ್ನು ಕರೆಸಿ. ನಿಮ್ಮ ಊರಲ್ಲಿ ಹಗೇವು ತೆಗೆಯುವಾಗ ಹಿರಿಯರು ಏನು ಮಾಡುತ್ತಿದ್ದರು? ಬೆಳಕು ಕಂಡಿತೆಂದು ನಂಬಿ ಇಳಿದು ಬದುಕಿ ಬಂದವರು ಯಾರಾದರೂ ಇದ್ದಾರೆಯೇ? ಬರದೇ ಹೋದವರ ಮನೆಯವರು ನೀವೇ ಆಗಿದ್ದರೂ, ಮನಸ್ಸು ಒಪ್ಪಿದರೆ ಇದರ ಕೆಳಗೆ ಎರಡು ಸಾಲು ಬರೆಯಿರಿ. ಇನ್ಯಾರೋ ಕಾಲಿಡುವ ಮೊದಲು ಅದನ್ನು ಓದಿಯಾರು.