ಕೂಗಿ ಹೇಳಿದ ಗುಟ್ಟು

ಹೊಸ ಟೆನಿಸ್ ಚೆಂಡಿನ ಡಬ್ಬಿ ತೆರೆದರೆ ಮೊದಲು ಬುಸ್ಸೆಂಬ ಸದ್ದು, ಅದರ ಹಿಂದೆಯೇ ರಬ್ಬರಿನ ವಾಸನೆ. ಮೊನ್ನೆ ಭಾನುವಾರ ನವಿ ಮುಂಬೈಯ ಬೇಲಾಪುರದ ಕ್ಲಬ್ಬಿನಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. ಶೂ ದಾರ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ನನ್ನ ಹಳೆಯ ಡಬಲ್ಸ್ ಜೊತೆಗಾರ ನೆನಪಾಗಿದ್ದ...

ಕಾಲಿಗೆ ಚಕ್ರ ಕಟ್ಟಿಕೊಂಡ ಆಸಾಮಿ ಅವನು. ಮೂಲ ಉಡುಪಿಯ ಕಡೆ, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಸ್ಟೇಷನ್ ಹತ್ತಿರ ಅಪ್ಪನ ಹೋಟೆಲು. ನಾನು ಬೆಂಗಳೂರಿನಿಂದ ಬಂದು ಕೋಪರಖೈರಣೆಯಲ್ಲಿ ರೂಮು ಮಾಡಿಕೊಂಡಿದ್ದವನು. ಸಣ್ಣಪುಟ್ಟ ವೃತ್ತಿಪರ ಟೂರ್ನಿಗಳ ಸಿಂಗಲ್ಸ್‌ನಲ್ಲಿ ಇಬ್ಬರೂ ಮೊದಲ ಸುತ್ತಿಗೇ ಗಂಟುಮೂಟೆ ಕಟ್ಟುತ್ತಿದ್ದೆವು. ಜೋಡಿಯಾಗಿ ಆಡಿದರೆ ಮಾತ್ರ ಒಂದಿಷ್ಟು ಮರ್ಯಾದೆ ಸಿಗುತ್ತಿತ್ತು.

ಬೇರೆ ಜೋಡಿಗಳು ಪ್ರತಿ ಪಾಯಿಂಟಿಗೂ ಮುಂಚೆ ಹತ್ತಿರ ಬಂದು, ಯಾರು ಎತ್ತ ಓಡಬೇಕೆಂದು ಬಾಯಿಗೆ ಚೆಂಡು ಅಡ್ಡ ಹಿಡಿದು ಪಿಸುಗುಟ್ಟುತ್ತಿದ್ದರು. ನಮಗೆ ಆ ರಗಳೆಯೇ ಇರಲಿಲ್ಲ. ಅವನು ನೆಟ್ ಹತ್ತಿರದಿಂದ, ನಾನು ಹಿಂದಿನ ಗೆರೆಯಿಂದ, ಇಡೀ ಕೋರ್ಟಿಗೆ ಕೇಳುವಂತೆ ಕನ್ನಡದಲ್ಲಿ ಕೂಗಿಕೊಳ್ಳುತ್ತಿದ್ದೆವು. ಎದುರಾಳಿಗಳಿಗೆ ಕನ್ನಡ ಬಾರದ ಎಷ್ಟೋ ಊರುಗಳಲ್ಲಿ ಅದು ನಡೆದಿತ್ತು.

ನವಿ ಮುಂಬೈಯಲ್ಲೇ ನಡೆದ ಒಂದು ಟೂರ್ನಿಗೆ ಮುಂಚೆ ಅವನ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು: ಫೈನಲ್ ತಲುಪಿದರೆ ಇನ್ನೊಂದು ವರ್ಷ ಆಡು, ಇಲ್ಲವಾದರೆ ಹೋಟೆಲಿನ ಗಲ್ಲಾಕ್ಕೆ ಬಂದು ಕೂರು. ಕೂರುವುದು... ಅದೊಂದೇ ಅವನಿಂದ ಆಗದ ಕೆಲಸ. ಆ ವಾರವಿಡೀ ಅವನು ನಿಂತೇ ಉಂಡ.

ಸೆಮಿಫೈನಲ್‌ನಲ್ಲಿ ಎದುರಾದವರಲ್ಲಿ ಒಬ್ಬ ಅಂಬರನಾಥದ ತರುಣ. ತನ್ನ ಜೊತೆಗಾರನೊಡನೆ ಮರಾಠಿ, ಅಂಪೈರ್ ಜೊತೆ ಹಿಂದಿ. ನಾವು ಎಂದಿನಂತೆ ಕೂಗಿಕೊಂಡೆವು, ಆ ತರುಣ ಎಂದೂ ಯಾರೂ ಹೊಡೆಯದ ಜಾಗಕ್ಕೆ ಹೊಡೆಯುತ್ತ ಹೋದ. ಅದೃಷ್ಟ ಚೆನ್ನಾಗಿದೆ ಅವನದು ಅಂದುಕೊಂಡು ನಾನು ಉರಿದುಕೊಂಡೆ. ಟೈಬ್ರೇಕಿನ ಕೊನೆಗೆ, ಈ ಪಾಯಿಂಟ್ ಹೋದರೆ ಎಲ್ಲ ಹೋಯಿತು ಎನ್ನುವಾಗ, ಸರ್ವ್ ನನ್ನದಿತ್ತು.

"ನಾನು ದಾಟ್ತೇನೆ ಮಾರಾಯ, ನೀನು ಈಚೆ ನೋಡಿಕೋ," ಎಂದು ಅವನು ನೆಟ್ ಹತ್ತಿರದಿಂದ ಕೂಗಿದ.

ದಾಟಿದ, ಕೋರ್ಟಿನ ಆಚೆ ಬದಿಗೆ. ಚೆಂಡು ಅವನು ಬಿಟ್ಟುಹೋದ ಜಾಗಕ್ಕೇ ನೇರವಾಗಿ ಬಂದು ಬಿತ್ತು. ನಾನು ಓಡಿದೆ, ಸಿಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬ್ಯಾಗು ಕಟ್ಟುತ್ತಿರುವಾಗ ಗ್ಯಾಲರಿಯಿಂದ ಒಬ್ಬ ಹೆಂಗಸು ಇಳಿದು ಬಂದು ಆ ತರುಣನನ್ನು ಕನ್ನಡದಲ್ಲಿ ಕರೆದರು. "ಲಗೂ ಬಾರೋ, ಹಸಿವಿ ಆಗಿಲ್ಲೇನು?"

"ಆಲೋ ಆಯೀ," ಬಂದೆನಮ್ಮ ಎಂದು ಮಗ ಮರಾಠಿಯಲ್ಲಿ ಉತ್ತರಿಸಿದ.

ನನ್ನ ಕೈ ಬ್ಯಾಗಿನ ಜಿಪ್ಪಿನ ಮೇಲೆ ಹಾಗೇ ನಿಂತಿತು. ಜೊತೆಗಾರ ಮಾತ್ರ ಹೋಗಿ ಅವನ ಮುಂದೆ ನಿಂತ. "ನಿನಗೆ ಎಲ್ಲ ಗೊತ್ತಾಗ್ತಿತ್ತಾ?"

ತರುಣ ತಲೆ ತಗ್ಗಿಸಿದ. "ಸಮಝ್ತಾ ಹೂಂ ಭಯ್ಯಾ. ಬೋಲ್ನಾ ನಹೀ ಆತಾ." ಅರ್ಥವಾಗುತ್ತದೆ, ಮಾತಾಡಲು ಬಾರದು ಅಂತ.

ನನಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು. ಜೊತೆಗಾರ ಅವನ ಹೆಗಲು ತಟ್ಟಿ ಹೊರಟ. ಟ್ರೇನಿನಲ್ಲಿ, ಸೀಟಿದ್ದರೂ ಬಾಗಿಲ ಬಳಿ ನಿಂತು, "ನಮ್ಮ ಮನೆಯಲ್ಲಿಯೂ ಹಾಗೇ ಅಲ್ವ ಮಾರಾಯ," ಎಂದ. "ಅಪ್ಪ ತುಳುವಿನಲ್ಲಿ ಕೇಳ್ತಾರೆ, ತಮ್ಮ ಹಿಂದಿಯಲ್ಲಿ ಹೇಳ್ತಾನೆ. ಬೇರೆ ಯಾರಿಗೆ ಹೊಳೆಯದಿದ್ರೂ ನನಗೆ ಹೊಳೀಬೇಕಿತ್ತು."

ಮರುದಿನವೇ ಗಲ್ಲಾಕ್ಕೆ ಹೋದ. ನಾನು ಹೋದಾಗಲೆಲ್ಲ ಮಾತಾಡುತ್ತಲೇ ಟೇಬಲ್ ಒರೆಸುತ್ತಿದ್ದ, ಖಾಲಿ ಲೋಟ ಎತ್ತುತ್ತಿದ್ದ. ಗಲ್ಲಾದ ಕುರ್ಚಿಯಲ್ಲಿ ಅವನು ಕೂತದ್ದನ್ನು ನಾನು ನೋಡಲೇ ಇಲ್ಲ. ಆಟದ ಮಾತು ತೆಗೆದರೆ ಚಹಾ ತರುತ್ತೇನೆಂದು ಒಳಗೆ ಹೋಗಿಬಿಡುತ್ತಿದ್ದ. ಹೋದ ವರ್ಷ ಅವನ ತಮ್ಮ ಫೋನ್ ಮಾಡಿ, ಅಣ್ಣನಿಗೆ ಹೃದಯಾಘಾತವಾಯಿತು, ಉಳಿಯಲಿಲ್ಲ ಎಂದು ಹಿಂದಿಯಲ್ಲೇ ಹೇಳಿದ. ನಾನು ಕನ್ನಡದಲ್ಲಿ ಏನೇನೋ ಕೇಳಿದೆ. ಎಲ್ಲ ಅವನಿಗೆ ಅರ್ಥವಾಯಿತು. ಇನ್ನೂ ಆಡಬೇಕಿದ್ದವನು ಹೀಗೆ ಹೋದನಲ್ಲ ಎಂಬ ಸಂಕಟ ನನಗೆ ಇಂದಿಗೂ ಇಳಿದಿಲ್ಲ.

ಮೊನ್ನೆ ಭಾನುವಾರ ನನ್ನ ಈಗಿನ ಜೊತೆಗಾರ ಸರ್ವ್ ಮಾಡಲು ನಿಂತಿದ್ದ. ನಾನು ನೆಟ್ ಹತ್ತಿರ. ಏನನ್ನಿಸಿತೋ... ಇಡೀ ಕೋರ್ಟಿಗೆ ಕೇಳುವಂತೆ, "ನಾನು ದಾಟ್ತೇನೆ ಮಾರಾಯ," ಎಂದೆ.

"ಕ್ಯಾ?" ಎಂದ ಅವನು, ಚೆಂಡು ಕೈಯಲ್ಲೇ ಹಿಡಿದು.

ಎದುರಿನ ಇಬ್ಬರ ಮುಖವನ್ನೂ ನೋಡಿದೆ. ಅವರಿಗೂ ಅರ್ಥವಾಗಿರಲಿಲ್ಲ.