ಹಿಮದೂರಿಗೆ ಧಾವಳಿ

ನಮ್ಮ ಅತ್ತೆಯವರಿಗೆ ಹಿಮ ತೋರಿಸಬೇಕು ಎಂಬ ಬುದ್ಧಿ ಹುಟ್ಟಿದ್ದು ಒಂದು ಫ್ಯಾನ್ ಕಂಪನಿಗೆ. ಅದೂ ತಮಿಳರು ಕತ್ತಿರಿ ಎನ್ನುವ ಉರಿಬಿಸಿಲಿನಲ್ಲಿ, ಚೆನ್ನೈನ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವ ಮೇ ತಿಂಗಳಲ್ಲಿ. 2003ನೇ ಇಸವಿ. ನಲ್ಲಿಗಳೆಲ್ಲ ಒಣಗಿ, ನೀರಿನ ಲಾರಿ ಬಂದ ದಿನವೇ ಹಬ್ಬ ಎನ್ನುವಂಥ ಕಾಲ.

ಅತ್ತೆಯ ಹೆಸರು ಜಯಲಕ್ಷ್ಮೀ. ಟಿ. ನಗರದಲ್ಲಿರುವ ನಮ್ಮ ಫ್ಯಾನ್ ಅಂಗಡಿಯ ಹೆಸರೂ ಜಯಲಕ್ಷ್ಮೀ. ಮಾವನವರು ಅಂಗಡಿ ತೆರೆದಾಗ ಹೆಂಡತಿಯ ಹೆಸರನ್ನು ಬೋರ್ಡಿಗೂ ಹಾಕಿದರು, ಡೀಲರ್‌ಶಿಪ್ ಕಾಗದಕ್ಕೂ ಹಾಕಿದರು. ಅವರು ತೀರಿಕೊಂಡ ಮೇಲೆ ಅಂಗಡಿ ನೋಡಿಕೊಳ್ಳುತ್ತಿರುವುದು ನನ್ನ ಗಂಡ ಸುಜಯೀಂದ್ರ. ಆದರೂ ಕಾಗದದಲ್ಲಿ ಯಜಮಾನಿ ಅತ್ತೆಯೇ. ಹೀಗಾಗಿ ಆ ವರ್ಷ ಎಲ್ಲರಿಗಿಂತ ಹೆಚ್ಚು ಫ್ಯಾನ್ ಮಾರಿದ ಡೀಲರಿಗೆ ನಾರ್ವೆ ದೇಶದ ಹಿಮಸಮುದ್ರದಲ್ಲಿ ಹಡಗುಪ್ರವಾಸ ಎಂದು ಕಂಪನಿಯವರು ಬಹುಮಾನ ಇಟ್ಟಾಗ, ಅದು ಬಂದು ಬಿದ್ದದ್ದು ಶ್ರೀಮತಿ ಜಯಲಕ್ಷ್ಮೀ ಮತ್ತು ಜೊತೆಗೆ ಒಬ್ಬರ ಮಡಿಲಿಗೆ. ಹೆಸರು ಬದಲಾಯಿಸುವಂತಿಲ್ಲ. ಬೇಸಿಗೆಯಲ್ಲಿ ಫ್ಯಾನ್ ಅಂಗಡಿ ಬಿಟ್ಟು ಮಗ ಹೋಗುವಂತಿಲ್ಲ. ಹಾಗಾದರೆ ಜೊತೆಗೆ ಒಬ್ಬರು ಯಾರು? ಸೊಸೆ ವಿಭಾ, ಅಂದರೆ ನಾನು.

ಸುಳ್ಳು ಯಾಕೆ ಹೇಳಲಿ, ನನಗೆ ಹೋಗುವ ಆಸೆ ಬೆಟ್ಟದಷ್ಟಿತ್ತು. ಮದುವೆಯಾಗಿ ಮೈಲಾಪುರದಿಂದ ಟಿ. ನಗರಕ್ಕೆ ಬಂದದ್ದೇ ನನ್ನ ಜೀವನದ ದೊಡ್ಡ ಪ್ರಯಾಣ. ಆದರೆ ಅತ್ತೆ ಹೊರಟರೆ ತಾನೇ ನಾನು ಹೊರಡುವುದು? ಶನಿವಾರದೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಬಹುಮಾನ ಎರಡನೆಯವರಿಗೆ. ಎರಡನೆಯವನು ನಮ್ಮ ಅಂಗಡಿಯ ಎದುರಿನ ಬಾಬು. ಅವನಾಗಲೇ ಕೂಲಿಂಗ್ ಗ್ಲಾಸ್ ಕೊಂಡಿದ್ದ ಎಂದು ಸುದ್ದಿ.

ಅತ್ತೆಯ ಮಡಿಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ತಾವೇ ಒಗೆದು, ಎತ್ತರದ ಬೊಂಬಿನ ಮೇಲೆ ಕೋಲಿನಿಂದ ಹರವಿ, ಯಾರೂ ಮುಟ್ಟದ ಹಾಗೆ ಒಣಗಿಸಿದ ಸೀರೆ ಉಟ್ಟರೆಂದರೆ ಮಧ್ಯಾಹ್ನದ ಊಟ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ನನ್ನ ಮಗಳು ನಿಖಿತಾ ತಪ್ಪುಹೆಜ್ಜೆ ಇಡುವ ವಯಸ್ಸಿನಲ್ಲಿ ಎರಡು ಕೈ ಚಾಚಿಕೊಂಡು ಅಡುಗೆಮನೆಗೆ ಓಡಿದರೆ, "ದೂರ, ದೂರ! ಮಡಿ ಕಣೇ!" ಎಂಬ ಕೂಗು ಬರುತ್ತಿತ್ತು. ಈಗ ಅವಳಿಗೆ ಒಂಬತ್ತು. ಹೊಸ್ತಿಲ ಹತ್ತಿರ ಬಂದರೆ ಕಾಲು ತಾನಾಗಿ ನಿಲ್ಲುತ್ತದೆ. ಮಧ್ಯಾಹ್ನದ ಮೇಲೆ ಮುಟ್ಟಬಹುದು, ನಿಜ. ಆದರೆ ಬೆಳಗಿನ ಅಭ್ಯಾಸ ಸಂಜೆಗೂ ಉಳಿದುಬಿಡುತ್ತದೆ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅತ್ತೆಯ ಕೈ ಬಿಸಿಯೋ ತಣ್ಣಗೋ ನನಗೆ ಗೊತ್ತಿರಲಿಲ್ಲ.

ಬಹುಮಾನದ ಸುದ್ದಿ ಹೇಳಿದಾಗ ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು.

"ಸಮುದ್ರ ದಾಟಬಾರ್ದು ಅಂತಾರಲ್ಲ ಅತ್ತೆ?" ಎಂದು ನಾನೇ ಭಯದಿಂದ ಕೇಳಿದೆ.

"ದಾಟೋದು ವಿಮಾನ. ನಾನು ಸುಮ್ನೆ ಕೂತಿರ್ತೀನಿ," ಎಂದರು.

ನನಗೆ ಅಲ್ಲೇ ಆಶ್ಚರ್ಯವಾಯಿತು. ಆಮೇಲೆ ಅವರು ಕೋಣೆಗೆ ಹೋಗಿ ಪೆಟ್ಟಿಗೆಯಿಂದ ಒಂದು ದಪ್ಪ ಧಾವಳಿ ತಂದರು. ಧಾವಳಿ ಎಂದರೆ ಉಡುವ ಉಣ್ಣೆಯ ಬಟ್ಟೆ, ಕೇಸರಿ ಬಣ್ಣದ್ದು. ಇದರ ಮಡಿಕೆಯನ್ನೇ ಇನ್ನೂ ಬಿಚ್ಚಿರಲಿಲ್ಲ.

"ಇವರು ತಂದಿದ್ದು. ಬದರಿಗೆ ಕರ್ಕೊಂಡು ಹೋಗ್ತೀನಿ, ಹಿಮ ತೋರಿಸ್ತೀನಿ ಅಂತ ಪ್ರತಿ ಬೇಸಿಗೇಲೂ ಹೇಳೋರು. ಬೇಸಿಗೆ ಬಂದ್ರೆ ಫ್ಯಾನ್ ವ್ಯಾಪಾರ. ಇವರು ಹೋದ್ರು, ಬದರಿ ಹಾಗೇ ಉಳೀತು," ಎಂದರು. "ನನಗೂ ನೋಡ್ಬೇಕು ಅಂತ ಇದೆ ವಿಭಾ. ಆದ್ರೆ ಮಡಿ ಬಿಟ್ಟು ನೋಡೋ ಹಿಮ ಬೇಡ. ಏನು ಉಟ್ಕೊಂಡು ಹೋಗ್ಲಿ, ಅದನ್ನ ಹೇಳು ಮೊದಲು."

ಅಜ್ಜಿಗೆ ಅರಿವೆ ಚಿಂತೆ ಎಂದು ಗಾದೆಯೇ ಇದೆಯಲ್ಲ. ಇಲ್ಲಿ ಅಜ್ಜಿಯ ಅರಿವೆಗೆ ಮನೆಯವರೆಲ್ಲ ಚಿಂತೆ ಮಾಡಬೇಕಾಯಿತು.

ಮೊದಲು ಹತ್ತಿ ಸೀರೆಯನ್ನೇ ಕೊಂಡೊಯ್ಯುವುದು ಎಂದಾಯಿತು. ಒಣಗಿಸುವುದು ಹಡಗಿನ ಮಹಡಿಯ ಮೇಲೆ.

"ಆ ಚಳೀಲಿ ಸೀರೆ ಒಣಗಲ್ಲ ಅತ್ತೆ, ಹಪ್ಪಳ ಆಗತ್ತೆ," ಎಂದೆ.

"ಆಗ್ಲಿ. ಹಪ್ಪಳ ಆದ್ರೂ ಯಾರೂ ಮುಟ್ಟಿರಲ್ವಲ್ಲ. ಬೊಂಬು ಹೇಗೆ ತೊಗೊಂಡು ಹೋಗೋದು, ಅದು ಹೇಳು."

ನನ್ನ ಗಂಡನಿಗೆ ಉತ್ಸಾಹ ಬಂತು. ಅಂಗಡಿಗೆ ಹೋಗಿ ಫ್ಯಾನನ್ನು ಸೂರಿಗೆ ನೇತುಹಾಕುವ ಉದ್ದನೆಯ ರಾಡುಗಳನ್ನು ತಂದರು. "ಅಮ್ಮ, ಒಂದಕ್ಕೊಂದು ಸೇರಿಸಿದ್ರೆ ಬೊಂಬೇ. ಬಿಚ್ಚಿದ್ರೆ ಸೂಟ್‌ಕೇಸಲ್ಲಿ ಹಿಡಿಸತ್ತೆ," ಎಂದು ನಡುಮನೆಯಲ್ಲಿ ಜೋಡಿಸಿಯೂ ತೋರಿಸಿದರು. ಅದರ ತುದಿ ಹೋಗಿ ಷೋಕೇಸಿನ ಗಾಜಿಗೆ ತಾಗಿತು. ಗಾಜು ಒಡೆದ ಮೇಲೆ ಹತ್ತಿ ಸೀರೆಯ ಮಾತು ನಿಂತಿತು.

ಧಾವಳಿಯೇ ಸರಿ ಎಂದು ಎಲ್ಲರಿಗೂ ಹೊಳೆದದ್ದು ಆಗ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ, ದಿನಾ ಒಗೆಯಬೇಕಾಗಿಯೂ ಇಲ್ಲ. ನಲ್ಲಿ ಒಣಗಿದ ಆ ಬೇಸಿಗೆಯಲ್ಲಿ ಅತ್ತೆ ಮೂರು ಹೊತ್ತೂ ತಮ್ಮ ಹಳೆಯ ಧಾವಳಿಯಲ್ಲೇ ಇದ್ದರು. ಇಡೀ ಚೆನ್ನೈ ಬನಿಯನ್ನಿನಲ್ಲಿ ಬೇಯುತ್ತಿದ್ದಾಗ ಇವರೊಬ್ಬರು ಉಣ್ಣೆ ಉಟ್ಟು ಒಲೆಯ ಮುಂದೆ ಹುಳಿ ಕುದಿಸುತ್ತಿದ್ದರು. ಚಳಿದೇಶಕ್ಕೆ ಹೋಗಲು ಇವರಿಗಿಂತ ತಯಾರಾದವರು ಈ ಊರಲ್ಲಿ ಇರಲಿಲ್ಲ, ನಮಗೆ ಅದು ಕಾಣಲು ಒಂದು ಗಾಜು ಒಡೆಯಬೇಕಾಯಿತು.

ಆದರೆ ಧಾವಳಿ ಮೈಗಾಯಿತು. ತಲೆಗೆ, ಕೈಗೆ, ಕಾಲಿಗೆ?

ಊಟವಾದ ಮೇಲೆ ಅತ್ತೆಯೂ ನಾನೂ ದೊಡ್ಡ ಜವಳಿ ಅಂಗಡಿಯೊಂದಕ್ಕೆ ಹೋದೆವು. ಮೇ ತಿಂಗಳಲ್ಲಿ ಉಣ್ಣೆ ಕೇಳಿದ ನಮ್ಮನ್ನು ಸೇಲ್ಸ್‌ಮನ್ ಮೇಲಿಂದ ಕೆಳಗೆ ನೋಡಿದ. ಆಮೇಲೆ ಡಿಸೆಂಬರಿನ ಮಾರ್ಗಳಿ ತಿಂಗಳಲ್ಲಿ ಮಾರಾಟವಾಗದೆ ಉಳಿದಿದ್ದ ಮಂಕಿ ಕ್ಯಾಪುಗಳ ಗಂಟನ್ನು ಎಲ್ಲಿಂದಲೋ ಎಳೆದು ತಂದ. "ಪ್ಯೂರ್ ವುಲ್ ಮಾಮಿ," ಎಂದ.

ಅತ್ತೆ ಒಂದು ಕ್ಯಾಪಿನಿಂದ ಎಳೆ ಕಿತ್ತರು. ಸೊಂಟದಲ್ಲಿ ಸಿಕ್ಕಿಸಿದ್ದ ಬೆಂಕಿಪೊಟ್ಟಣ ತೆಗೆದರು. ನಾನು ಬೇಡ ಎನ್ನುವಷ್ಟರಲ್ಲಿ ಕಡ್ಡಿ ಗೀರಿ ಎಳೆ ಸುಟ್ಟು ಮೂಸಿ ನೋಡಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು.

"ಇದು ಉಣ್ಣೆ ಅಲ್ಲ. ಪ್ಲಾಸ್ಟಿಕ್ ಬಕೆಟ್ಟು," ಎಂದು ತೀರ್ಪು ಕೊಟ್ಟರು. ಇನ್ನೊಂದು ಕಿತ್ತರು. ಅದೂ ಬಕೆಟ್ಟು. ಎ.ಸಿ. ಅಂಗಡಿಯಲ್ಲಿ ಹೊಗೆ ಸುತ್ತತೊಡಗಿತು. ಮ್ಯಾನೇಜರು ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಅಪ್ಪಿಕೊಂಡು ಓಡಿ ಬಂದ. "ಮಾಮಿ! ಎನ್ನ ಮಾಮಿ ಇದು!"

"ಸುಳ್ಳು ಹೇಳಿ ಮಾರ್ತೀರಲ್ಲಪ್ಪಾ, ನಾವೂ ಅಂಗಡಿ ಇಟ್ಟವರೇ," ಎಂದು ಅತ್ತೆ ಕನ್ನಡದಲ್ಲೇ ಬೈದು, ಕಡ್ಡಿ ಆರಿಸಿ, ಹೊರಗೆ ಬಂದರು. ನಾನು ಮಾತ್ರ ಆ ಅಂಗಡಿಯ ಮೆಟ್ಟಿಲನ್ನು ಇವತ್ತಿಗೂ ಹತ್ತಿಲ್ಲ. ನಾಚಿಕೆಗೆ ನಾಚಿಕೆ, ಅಲ್ಲಿ ಡಿಸ್ಕೌಂಟ್ ಬಂದಾಗ ಹೊಟ್ಟೆಯುರಿ ಬೇರೆ.

ನಮ್ಮನ್ನು ಉಳಿಸಿದ್ದು ಕೆಳಗಿನ ಮನೆಯ ಉಷಾ. ಮೈಸೂರಿನವರು. ಗಂಡ ಮಿಲಿಟರಿಯಲ್ಲಿದ್ದಾಗ ನೀಲಗಿರಿಯ ವೆಲಿಂಗ್ಟನ್ನಿನಲ್ಲಿ ಬಹಳ ವರ್ಷ ಇದ್ದು ಬಂದವರು. ಅವರ ಟ್ರಂಕಿನಲ್ಲಿ ನುಸಿಗುಳಿಗೆಗಳ ನಡುವೆ ಮಿಲಿಟರಿ ಹಸಿರು ಬಣ್ಣದ ಉಣ್ಣೆಯ ಉಂಡೆಗಳಿದ್ದವು. ಅತ್ತೆ ಸುಟ್ಟು ನೋಡಿದರು. ಕೂದಲಿನ ವಾಸನೆ ಬಂದದ್ದೇ ಮುಖ ಅರಳಿತು. ಮರುಕ್ಷಣವೇ ಬಾಡಿತು.

"ಹೊಲಿಗೆ ಹಾಕಿದ್ದು ಮಡಿಗೆ ಬರಲ್ಲ ಉಷಾ."

ಉಷಾ ಹೆಣೆಯುವ ಕಡ್ಡಿ ಎತ್ತಿ ತೋರಿಸಿದರು. "ಹೊಲಿಗೆ ಎಲ್ಲಿದೆ ಜಯಮ್ಮ? ಈ ಸೂಜಿಗೆ ಕಣ್ಣೇ ಇಲ್ಲ, ನೋಡಿ."

ಅತ್ತೆ ಕಡ್ಡಿಯನ್ನು ಆ ತುದಿ ಈ ತುದಿ ತಿರುಗಿಸಿ ನೋಡಿ ಒಪ್ಪಿಕೊಂಡರು. ಇಂಥ ವಾದ ಯಾವ ಪಂಡಿತರಿಗೆ ಹೊಳೆಯಬೇಕು! ಉಷಾ ಫ್ಯಾನಿನ ಕೆಳಗೆ ಕೂತು, ಕರೆಂಟು ಹೋದಾಗ ಬಾಗಿಲಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತಲೇ ಅತ್ತೆಗೂ ನನಗೂ ಟೋಪಿ, ಕಾಲುಚೀಲ, ಕೈಗವಸು ಹೆಣೆದುಕೊಟ್ಟರು.

ಶುಕ್ರವಾರ ಬಂತು. ಅತ್ತೆ ಇನ್ನೂ ಹೂಂ ಎಂದಿರಲಿಲ್ಲ. "ಇಷ್ಟು ಸಾಕೋ ಸಾಲದೋ ಯಾರಿಗೆ ಗೊತ್ತು? ಅಲ್ಲಿ ಹೋದ್ಮೇಲೆ ಚಳಿ ತಡೀದೆ ಹಡಗಿನವರ ಕಂಬಳಿ ಹೊದ್ದುಕೊಳ್ಳೋ ಹಾಗಾದ್ರೆ? ಅದು ಯಾರ ಕಂಬಳಿಯೋ, ಯಾವ ಬಕೆಟ್ಟೋ!" ಎಂದರು.

ನನಗೆ ರೇಗಿತು. ಚಳಿಯನ್ನು ಎಲ್ಲಿಂದ ತರಲಿ? ಆಗ ನೆನಪಾದದ್ದು ನಮ್ಮ ಹಿತ್ತಲ ಗೋಡೆಗೆ ಅಂಟಿಕೊಂಡಿರುವ ಉಡುಪಿ ಹೋಟೆಲು. ಅದರ ಯಜಮಾನರು ಕೃಷ್ಣರಾಜರು. ಅವರಲ್ಲಿ ಹಾಲು, ತರಕಾರಿ, ಹಿಟ್ಟು ಇಡುವ ದೊಡ್ಡ ಕೋಲ್ಡ್ ರೂಮು ಇದೆ.

ಅದೇ ಬೆಳಿಗ್ಗೆ, ಪೂರ್ತಿ ಮಡಿಯಲ್ಲಿ, ಒಂದರ ಮೇಲೊಂದು ಮೂರು ಧಾವಳಿ ಸುತ್ತಿಕೊಂಡು, ಹಸಿರು ಟೋಪಿ, ಕಾಲುಚೀಲ, ಕೈಗವಸು ಹಾಕಿಕೊಂಡು ಅತ್ತೆ ಮೆಟ್ಟಿಲಿಳಿದು ಹಿತ್ತಲ ಬಾಗಿಲಿನಿಂದ ಹೊರಟರು. ಹಿಂದೆ ಒಂದು ಮೊಳ ಬಿಟ್ಟು ನಾನೂ ಸ್ವೆಟರು, ಹಸಿರು ಕೈಗವಸಿನಲ್ಲಿ. ಬಿಸಿಲು ಆಗಲೇ ಸುಡುತ್ತಿತ್ತು. ಹೋಟೆಲಿನ ಹಿಂದೆ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ, "ಮಾಮಿಕ್ಕು ಜುರಮಾ?" ಎಂದು ಜ್ವರ ವಿಚಾರಿಸಿದಳು.

"ಬನ್ನಿ ಅಮ್ಮ, ಬನ್ನಿ," ಎಂದು ಕೃಷ್ಣರಾಜರು ದಪ್ಪ ಬಾಗಿಲು ತೆರೆದರು. "ಕಷ್ಟ ಆದ್ರೆ ಒಳಗಿಂದ ತಟ್ಟಿ ಮಾರಾಯ್ರೆ, ನಾನು ಇಲ್ಲೇ ಇರ್ತೇನೆ."

"ಮೊದ್ಲು ಆ ಈರುಳ್ಳಿ ತಟ್ಟೆ ಈಚೆ ತೆಗೀರಿ," ಎಂದರು ಅತ್ತೆ.

ಈರುಳ್ಳಿ ಆಚೆ ಹೋಯಿತು, ನಾವು ಒಳಗೆ ಹೋದೆವು, ಬಾಗಿಲು ಮುಚ್ಚಿತು.

ಅಬ್ಬಾ, ಆ ತಂಪು! ಎಷ್ಟೋ ವಾರಗಳಿಂದ ಬೆಂದಿದ್ದ ಮೈಗೆ ಹಾಯೆನಿಸಿತು. ಅತ್ತೆ ಮೊಸರಿನ ಕ್ಯಾನು, ಹೂಕೋಸಿನ ಬುಟ್ಟಿಗಳ ನಡುವೆ ಸ್ತೋತ್ರ ಹೇಳಿಕೊಳ್ಳುತ್ತ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದರು. ಆಮೇಲೆ ಮೂಲೆಯಲ್ಲಿ ನಿಂತರು. ಅಲ್ಲಿ ಮಷೀನಿನ ಕೊಳವೆಯ ಮೇಲೆ ಬೆಳ್ಳಗೆ ಮಂಜು ಕಟ್ಟಿತ್ತು. ಕೈಗವಸಿನ ಬೆರಳಿನಿಂದಲೇ ಸ್ವಲ್ಪ ಕೆರೆದು, ಕಣ್ಣ ಹತ್ತಿರ ಹಿಡಿದು ನೋಡಿದರು.

"ಇದೇನಾ? ಇದನ್ನೇ ಇವರು ತೋರಿಸ್ತೀನಿ ಅಂತಿದ್ದಿದ್ದು?"

"ಅಲ್ಲಿ ಇನ್ನೂ ತುಂಬ ಇರತ್ತಂತೆ ಅತ್ತೆ," ಎಂದೆ.

ತಿರುಗುವಾಗ ಚೆಲ್ಲಿದ್ದ ಹಾಲಿನ ಮೇಲೆ ಅವರ ಕಾಲು ಜಾರಿತು. ಗಪ್ಪನೆ ನನ್ನ ಕೈ ಹಿಡಿದುಕೊಂಡರು. ನಾನು ಹೆದರಿದೆ. ಅವರು ಬೀಳುತ್ತಾರೆ ಎಂದಲ್ಲ, ಮಡಿಯಲ್ಲಿದ್ದವರನ್ನು ಮುಟ್ಟಿದೆನಲ್ಲ ಎಂದು. "ಅಯ್ಯೋ ಅತ್ತೆ, ಮಡಿ!" ಎಂದು ಕೈ ಎಳೆದುಕೊಳ್ಳಲು ಹೋದೆ. ಬೀಳುವ ಮುದುಕಿಯ ಕೈ ಬಿಡಿಸಿಕೊಳ್ಳಲು ಹೋದೆ, ಅಂಥ ಅಭ್ಯಾಸ.

ಅವರು ಇನ್ನೂ ಗಟ್ಟಿಯಾಗಿ ಹಿಡಿದರು. ಎರಡು ಹಸಿರು ಕೈಗವಸುಗಳನ್ನು ನೋಡಿದರು. ಅವರ ಮುಖದಲ್ಲಿ ಏನೋ ಲೆಕ್ಕ ನಡೆಯಿತು.

"ಉಣ್ಣೆ ಕಣೇ," ಎಂದರು ನಿಧಾನವಾಗಿ. "ನಿನ್ನದೂ ಉಣ್ಣೆ, ನನ್ನದೂ ಉಣ್ಣೆ. ಉಣ್ಣೆಗೆ ಎಲ್ಲಿದೆ ಮೈಲಿಗೆ? ಹಿಡ್ಕೋ."

ಹಿಡಿದುಕೊಂಡೆ. ಉಣ್ಣೆಯ ಒಳಗೆ ಅವರ ಕೈ ಬಿಸಿಯಾಗಿತ್ತು. ನನಗೆ ಅಳು ಬಂತು.

"ಏನಾಯ್ತೇ?"

"ಈರುಳ್ಳಿ," ಎಂದೆ. ಈರುಳ್ಳಿ ಆಗಲೇ ಆಚೆ ಹೋಗಿತ್ತು.

ಕೃಷ್ಣರಾಜರು ಹೊರಗಿನಿಂದ ತಟ್ಟಿದರು. "ಅಮ್ಮ, ಉಂಟಾ ಇಬ್ರೂ? ಇಡ್ಲಿ ಹಿಟ್ಟು ತೆಗೀಲಿಕ್ಕಿತ್ತು." ನಾವು ಆಮೇಲೂ ಸ್ವಲ್ಪ ಹೊತ್ತು ಒಳಗೇ ಇದ್ದೆವು. ಆ ದಿನ ಟಿ. ನಗರದಲ್ಲಿ ಎಷ್ಟೋ ಜನಕ್ಕೆ ಇಡ್ಲಿ ತಡವಾಗಿರಬೇಕು. ಮನೆಗೆ ಬಂದು ಅತ್ತೆ ಹೂಂ ಎಂದರು. ಬಾಬುವಿನ ಕೂಲಿಂಗ್ ಗ್ಲಾಸು ವ್ಯರ್ಥವಾಯಿತು.

ಜೂನ್‌ನಲ್ಲಿ ಹೊರಟೆವು. ನನ್ನ ಗಂಡ ಹಟ ಹಿಡಿದು ಕೊಟ್ಟ ಫ್ಯಾನ್ ರಾಡು ಚೆನ್ನೈ ವಿಮಾನ ನಿಲ್ದಾಣದಲ್ಲೇ ಉಳಿಯಿತು. ಹಡಗಿನ ಮಹಡಿಯಲ್ಲಿ ಮೊದಲ ಬೆಳಿಗ್ಗೆ ಅತ್ತೆ ಸುತ್ತ ನೋಡಿದರು. ಎಲ್ಲರ ತಲೆಗೂ ಉಣ್ಣೆ, ಕತ್ತಿಗೂ ಉಣ್ಣೆ.

"ವಿಭಾ, ಊರಿಗೆ ಊರೇ ಮಡಿಯಲ್ಲಿದೆಯಲ್ಲೇ!"

ಅಲ್ಲಿಂದ ಅವರನ್ನು ಹಿಡಿಯುವವರಿಲ್ಲ. ಯಾರು ಕೈ ಚಾಚಿದರೂ ಮೊದಲು ಕೈಗವಸು ನೋಡುವರು. ಉಣ್ಣೆಯಾದರೆ ಕುಲುಕುವರು. ಚರ್ಮದ್ದಾದರೆ ದೂರದಿಂದಲೇ ನಮಸ್ಕಾರ. ಕ್ಯಾಪ್ಟನ್ನಿನದು ಚರ್ಮದ್ದಾಗಿತ್ತು, ಪಾಪ. ನೆಲ ತೊಳೆಯುವವನದು ಉಣ್ಣೆ, ಅವನಿಗೆ ದಿನವೂ ಕೈ ಸಿಕ್ಕಿತು. ಹಿಮದ ಬೆಟ್ಟಗಳು ಎದುರಿಗೆ ಬಂದಾಗ ಮಾತ್ರ ಅತ್ತೆ ಯಾರ ಕಡೆಗೂ ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡು, "ತುಂಬ ಇದೆ," ಎಂದರು, ಅಷ್ಟೆ. ನಾನು ಯಾವ ಈರುಳ್ಳಿಯ ನೆಪವನ್ನೂ ಹೇಳಲಿಲ್ಲ.

ಚೆನ್ನೈಗೆ ವಾಪಸು ಬಂದಾಗಲೂ ಸೆಖೆ ಹಾಗೇ ಇತ್ತು. ನೀರಿನ ಲಾರಿಯೂ ಹಾಗೇ. ಬಟ್ಟೆಗಳನ್ನೆಲ್ಲ ನುಸಿಗುಳಿಗೆ ಹಾಕಿ ಪೆಟ್ಟಿಗೆಗೆ ಸೇರಿಸಿದೆ. ಅತ್ತೆಯ ಕೈಗವಸು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಹಡಗಿನಲ್ಲೇ ಬಿಟ್ಟರೇನೋ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ನಿಖಿತಾ ಸ್ಕೂಲಿಗೆ ಹೊರಟು, ಎಂದಿನಂತೆ ಅಡುಗೆಮನೆಯ ಹೊಸ್ತಿಲ ಈಚೆ ನಿಂತು, "ಅಜ್ಜಿ, ಪೋಯ್ಟ್ ವರೇನ್," ಎಂದು ತಮಿಳಿನಲ್ಲೇ ಹೋಗಿಬರುವ ಮಾತು ಹೇಳಿದಳು.

"ನಿಲ್ಲು, ನಿಲ್ಲು," ಎಂದು ಒಳಗಿನಿಂದ ದನಿ ಬಂತು.

ಅತ್ತೆ ಧಾವಳಿಯಲ್ಲಿ ಹೊರಗೆ ಬಂದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಎರಡೂ ಕೈಗಳಲ್ಲಿ ಹಸಿರು ಕೈಗವಸು. ಹೊಸ್ತಿಲು ದಾಟಿ ಬಂದು, ಮೊಮ್ಮಗಳ ಎರಡು ಕೆನ್ನೆಗಳನ್ನೂ ಹಿಡಿದುಕೊಂಡರು.

"ಅಜ್ಜಿ, ಕುತ್ತುದು," ಎಂದಳು ನಿಖಿತಾ. ಉಣ್ಣೆ ಚುಚ್ಚುತ್ತಿತ್ತು. ಚುಚ್ಚುತ್ತದೆ ಎಂದಳೇ ಹೊರತು ಮುಖ ತೆಗೆಯಲಿಲ್ಲ.

ಸ್ಕೂಲ್ ವ್ಯಾನು ಕೆಳಗೆ ಹಾರ್ನ್ ಹೊಡೆಯುತ್ತಲೇ ಇತ್ತು. ನಾನು ಹೋಗಿ ಫ್ಯಾನು ಜೋರು ಮಾಡಿದೆ.