ಮೆಟ್ಟಿಲಿಳಿದು ಬಂದ ನೀರು

ನಮ್ಮ ಬೀದಿಗೆಲ್ಲ ಅವಳು ಚಿಕ್ಕಿ. ಅವಳ ಅಕ್ಕನ ಮಗಳೊಬ್ಬಳು ಸಣ್ಣವಳಿದ್ದಾಗ ಇವಳ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಆ ಮಗು ಕರೆದದ್ದನ್ನು ಪಕ್ಕದ ಮನೆಯ ಮಕ್ಕಳು ಕರೆದರು, ಮಕ್ಕಳು ಕರೆದದ್ದನ್ನು ಅಮ್ಮಂದಿರು ಕರೆದರು. ಈಗ ಹಲ್ಲಿಲ್ಲದ ಮುದುಕಿಯರೂ "ಚಿಕ್ಕೀ, ಈ ಕೂದಲು ಸ್ವಲ್ಪ ಸರಿಮಾಡೇ" ಎಂದು ಬಂದು ಕೂರುತ್ತಾರೆ. ಕೂದಲು ಕತ್ತರಿಸುವುದು, ಬಣ್ಣ ಹಚ್ಚುವುದು, ಹುಬ್ಬು ತಿದ್ದುವುದು ಅವಳ ಕಸುಬು. ಬಾಯಿ ಜೋರು, ಕೈ ಮೆತ್ತಗೆ.

ಆಗ ಅವಳ ಪಾರ್ಲರ್ ಇದ್ದದ್ದು ಒಂದು ಹಳೆಯ ಕಟ್ಟಡದ ಬುಡದಲ್ಲಿ, ಅರ್ಧ ನೆಲದೊಳಗೆ ಹೂತಂತಿದ್ದ ಒಂಟಿ ಕೋಣೆಯಲ್ಲಿ. ಫುಟ್‌ಪಾತಿನಿಂದ ಕಡಿದಾದ ಮೆಟ್ಟಿಲಿಳಿದರೆ ಸುತ್ತ ಗೋಡೆಯಿದ್ದ ಬಾವಿಯಂಥ ಪುಟ್ಟ ಜಾಗ, ಅಲ್ಲೇ ಗಾಜಿನ ಬಾಗಿಲು. ಒಳಗೆ ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ತಲೆ ತೊಳೆಯುವ ಬೇಸಿನ್ನು. ಸೂರಿನ ಹತ್ತಿರ ಸರಳು ಹಾಕಿದ ಒಂದು ಕಿಟಕಿ. ಅದರಲ್ಲಿ ದಿನವಿಡೀ ಹೋಗಿಬರುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಬಾಗಿಲು ಮೊದಲು ಒಳಕ್ಕೆ ತೆರೆಯುತ್ತಿತ್ತು. ಎರಡನೇ ಕುರ್ಚಿ ತಂದಾಗ ಅಡ್ಡವಾಯಿತೆಂದು ಬಡಗಿಯನ್ನು ಕರೆಸಿ, ಹೊರಕ್ಕೆ ತೆರೆಯುವಂತೆ ಮಾಡಿಸಿದವಳು ಚಿಕ್ಕಿಯೇ.

ಗಂಡ ಲಾರಿ ಓಡಿಸುವವನು. ಮನೆಯಲ್ಲಿರುವುದಕ್ಕಿಂತ ಹೆದ್ದಾರಿಯಲ್ಲಿರುವುದೇ ಹೆಚ್ಚು. ಅತ್ತೆಯನ್ನು ಒಬ್ಬರನ್ನೇ ಬಿಡಲಾಗದೆ ಚಿಕ್ಕಿ ಅವರನ್ನು ಪಾರ್ಲರಿಗೇ ಕರೆತರುತ್ತಿದ್ದಳು. ಅತ್ತೆಗೆ ಮೊಣಕಾಲು ನೋವು, ಕಿವಿ ಮಂದ. ಹಾಗಿದ್ದೂ ಗಿರಾಕಿಗಳ ಮನೆಯ ಜಗಳದ ಸುದ್ದಿ ಅವರ ಕಿವಿಗೆ ಅದು ಹೇಗೋ ಬಿದ್ದೇ ಬೀಳುತ್ತಿತ್ತು.

ಹೋದ ಮಳೆಗಾಲದ ಒಂದು ದಿನ. ಮಳೆ ಹಿಂದಿನ ದಿನದಿಂದಲೇ ಹಿಡಿದಿತ್ತು. ಅಂದು ಮಧ್ಯಾಹ್ನ ಬಂದವರು ಒಬ್ಬರೇ, ಹೈಸ್ಕೂಲಿನ ವಿಜ್ಞಾನದ ಟೀಚರಮ್ಮ. ಮಳೆಗೆ ಶಾಲೆ ಬೇಗ ಬಿಟ್ಟಿತ್ತಂತೆ, ಹೇಗೂ ಬಿಡುವಾಯಿತು, ಬಿಳಿ ಕೂದಲಿಗೊಂದು ಗತಿ ಕಾಣಿಸೋಣ ಎಂದು ಬಂದಿದ್ದರು. ಚಿಕ್ಕಿ ಬಣ್ಣ ಮೆತ್ತಿ, ಪ್ಲಾಸ್ಟಿಕ್ ಟೋಪಿ ಹಾಕಿ ಕೂರಿಸಿದಳು. ಇನ್ನೊಂದು ಕುರ್ಚಿಯಲ್ಲಿ ಅತ್ತೆ ತೂಕಡಿಸುತ್ತಿದ್ದರು.

ಮೊದಲು ನೀರು ನೋಡಿದವರು ಅತ್ತೆಯೇ. "ಏನೇ, ನಲ್ಲಿ ಮುಚ್ಚೋದು ಮರೆತುಬಿಟ್ಯಾ?" ಎಂದರು. ಚಿಕ್ಕಿ ತಿರುಗಿದಳು. ಬಾಗಿಲ ಸಂದಿಯಿಂದ ಕಂದು ನೀರು ತೆಳ್ಳಗೆ ಹರಿದು ಬರುತ್ತಿತ್ತು. ಪ್ರತಿ ಮಳೆಗೂ ಇಷ್ಟು ಬರುವುದು ಇದ್ದದ್ದೇ. ಅವಳು ಟವೆಲುಗಳನ್ನು ಸುರುಳಿ ಸುತ್ತಿ ಸಂದಿಗೆ ತುರುಕಿ, ರಬ್ಬರಿನ ಮ್ಯಾಟು ಒತ್ತಿದಳು. ನೀರು ನಿಂತಿತು. "ನೋಡಿ ಟೀಚರ್, ನನ್ನ ಇಂಜಿನಿಯರಿಂಗು!" ಎಂದು ನಕ್ಕಳು ಕೂಡ.

ಆಮೇಲೆ ಎಲ್ಲೋ ಏನೋ ಕುಸಿದಂಥ ಸದ್ದು. ಮಳೆನೀರಿನ ದೊಡ್ಡ ಕಾಲುವೆಯ ಪಕ್ಕದ ಕಾಂಪೌಂಡ್ ಗೋಡೆ ಬಿದ್ದು, ಕಾಲುವೆಯ ನೀರು ನೇರ ನಮ್ಮ ಬೀದಿಗೆ ತಿರುಗಿತ್ತು ಎಂಬುದು ನಮಗೆಲ್ಲ ತಿಳಿದದ್ದು ಮರುದಿನ. ಚಿಕ್ಕಿಗೆ ಕಂಡದ್ದು ಇಷ್ಟೇ: ಮೆಟ್ಟಿಲಿನ ಮೇಲಿಂದ ನೀರು ದಬದಬನೆ ಬಿದ್ದು ಆ ಬಾವಿಯಂಥ ಜಾಗ ತುಂಬತೊಡಗಿತು. ಗಾಜಿನಾಚೆ ನೀರು ಮೊಣಕಾಲಿಗೆ, ತೊಡೆಗೆ, ಸೊಂಟಕ್ಕೆ ಏರಿತು. ಒಳಗೆ ನೆಲ ಇನ್ನೂ ಬರೀ ಒದ್ದೆ.

ಅವಳು ಮೊದಲು ಮಾಡಿದ ಕೆಲಸ ಮೇನ್ ಸ್ವಿಚ್ ಕೆಳಗೆಳೆದದ್ದು. ಕೋಣೆ ಕತ್ತಲಾಯಿತು. ಆಮೇಲೆ ಓಡಿಹೋಗಿ ಬಾಗಿಲು ತಳ್ಳಿದಳು. ಅದು ಗೋಡೆಯಂತೆ ನಿಂತಿತ್ತು.

"ಟೀಚರ್, ಬನ್ನಿ, ಸ್ವಲ್ಪ ಕೈ ಕೊಡಿ."

ಇಬ್ಬರೂ ಭುಜ ಕೊಟ್ಟು ತಳ್ಳಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ. ಗಾಜಿನ ಆ ಬದಿಯಲ್ಲಿ, ತಳ್ಳಲು ಬಗ್ಗಿದ್ದ ಚಿಕ್ಕಿಯ ಮುಖದ ನೇರಕ್ಕೆ, ಯಾರದೋ ಚಪ್ಪಲಿಯೊಂದು ತೇಲಿ ಬಂದು ತಟ್ಟಿ, ತಿರುಗಿ, ಮತ್ತೆ ತಟ್ಟಿತು.

ಫೋನು ಮಾಡಿದರು, ಲೈನೇ ಸಿಗಲಿಲ್ಲ. ಮೇಲಿನ ಅಂಗಡಿಯ ಟೈಲರಿಗೆ ಕೇಳಿಸಲೆಂದು ಪೊರಕೆಯ ಕೋಲಿನಿಂದ ಸೂರು ಕುಟ್ಟಿದರು. ಚಿಕ್ಕಿ ಸ್ಟೂಲು ಹತ್ತಿ ಕಿಟಕಿಯ ಸರಳು ಹಿಡಿದು ಕೂಗಿದಳು. ಮಳೆಯ ಆರ್ಭಟದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ದಿನವೂ ಕಾಲುಗಳ ಜಾತ್ರೆ ಕಾಣುತ್ತಿದ್ದ ಕಿಟಕಿಯಲ್ಲಿ ಈಗ ಒಂದು ಕಾಲೂ ಇರಲಿಲ್ಲ. ಬೀದಿಯ ನೀರು ಕಿಟಕಿಯ ಅಂಚನ್ನು ಮುಟ್ಟಲು ಗೇಣು ಬಾಕಿಯಿತ್ತು.

ಕೆಳಗಿಳಿದಾಗ ಟೀಚರಮ್ಮ ಗಾಜನ್ನೇ ನೋಡುತ್ತ ನಿಂತಿದ್ದರು. ಹಣೆಯ ಮೇಲೆ ಕಪ್ಪು ಬಣ್ಣ ಇಳಿಯುತ್ತಿತ್ತು.

"ಒಂದು ಮಾತು ಹೇಳ್ತೀನಿ, ಹೆದರಬೇಡ," ಎಂದರು. "ಹೊರಗಿನ ನೀರಿನ ಭಾರಕ್ಕೆ ಬಾಗಿಲು ಹಿಡ್ಕೊಂಡಿದೆ. ಒಳಗೂ ಅಷ್ಟೇ ನೀರಾದ್ರೆ ಬಿಡುತ್ತೆ."

"ಒಳಗೆ ನೀರಾ? ನಾನು ತಡೆದು ನಿಲ್ಸಿರೋದನ್ನ ಬಿಡು ಅಂತೀರಾ?"

"ಪುಸ್ತಕದಲ್ಲಿ ಹಾಗಿದೆ. ಎಷ್ಟೋ ವರ್ಷದಿಂದ ಪಾಠ ಮಾಡಿದ್ದೀನಿ. ಕಣ್ಣಾರೆ ಕಂಡಿಲ್ಲ ಕಣೇ. ತಪ್ಪಾದ್ರೆ ಮೂವರೂ..."

ಚಿಕ್ಕಿ ಅತ್ತೆಯ ಕಡೆ ನೋಡಿದಳು. ಅವರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು, ಸೊಸೆ ಏನು ಮಾಡುತ್ತಾಳೋ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅಷ್ಟರಲ್ಲಿ ಬಾಗಿಲಿನ ಮೇಲ್ತುದಿಯಲ್ಲಿ ಕಿರ್‍ ಎಂದು ಸಣ್ಣ ಸದ್ದು. ಗಾಜು ಒಳಕ್ಕೆ ಬಾಗಿದಂತೆ ಅನ್ನಿಸಿತು. ಅದು ಒಡೆದು ಒಮ್ಮೆಗೇ ನುಗ್ಗಿದರೆ ಅತ್ತೆ ಎಲ್ಲಿ ಹೋಗಿ ಬೀಳುತ್ತಾರೋ. ಚಿಕ್ಕಿ ಆ ಕುರ್ಚಿಯ ಪೆಡಲನ್ನು ಕಾಲಿನಿಂದ ಒತ್ತಿ, ಒತ್ತಿ, ಅದು ಏರುವಷ್ಟೂ ಏರಿಸಿದಳು. ತಲೆ ಸೂರಿನತ್ತ ಹೋಗುತ್ತಿದ್ದಂತೆ ಅತ್ತೆ, "ಸಾಕೇ, ಸಿಂಹಾಸನ ಮಾಡಿಬಿಟ್ಟೆಯಲ್ಲ!" ಎಂದರು.

ಚಿಕ್ಕಿ ಮಂಡಿಯೂರಿ ಟವೆಲುಗಳನ್ನು ಕಿತ್ತಳು.

ನೀರು ಬಂದ ರಭಸಕ್ಕೆ ಅವಳು ಹಿಂದಕ್ಕೆ ಬಿದ್ದಳು. ಐಸಿನಂಥ ನೀರು, ಚರಂಡಿಯ ನಾತ, ಡೀಸೆಲಿನ ವಾಸನೆ. ಡಬ್ಬಿ, ಬಾಚಣಿಗೆ, ಬ್ರಷ್ಷು ಎಲ್ಲ ಎದ್ದು ತೇಲಿದವು. ನೀರು ಮೊಣಕಾಲು ದಾಟಿತು. ತಳ್ಳಿದರು, ಬಾಗಿಲು ಅಲುಗಲಿಲ್ಲ. ಸೊಂಟ ದಾಟಿತು. ಮತ್ತೆ ತಳ್ಳಿದರು. ಇಲ್ಲ. ಹೊರಗಿನ ನೀರೂ ಏರುತ್ತಲೇ ಇತ್ತು. ಕಿಟಕಿಯಿಂದಲೂ ಈಗ ಗೋಡೆಗುಂಟ ಇಳಿಯತೊಡಗಿತು. ಟೀಚರಮ್ಮ ಗಟ್ಟಿಯಾಗಿ ಅತ್ತುಬಿಟ್ಟರು. "ನಾನೇ ಹೇಳಿದ್ದು, ನಾನೇ ಹೇಳಿದ್ದು," ಎಂದು ಅದನ್ನೇ ಹೇಳುತ್ತಿದ್ದರು. ನನ್ನ ಕೈಯಾರೆ ಮೂವರನ್ನೂ ಮುಳುಗಿಸಿದೆನಲ್ಲ ಎಂದು ಚಿಕ್ಕಿಗೆ ಅನ್ನಿಸಿತಂತೆ. ಅವಳಿಗೆ ಈಜು ಬಾರದು. ಗಂಡ ಯಾವ ಊರಿನ ರಸ್ತೆಯಲ್ಲಿದ್ದಾನೋ, ಈ ಸುದ್ದಿಯನ್ನು ಅವನಿಗೆ ಯಾರು ಹೇಳುತ್ತಾರೋ ಎಂದೂ ಒಂದು ಕ್ಷಣ ಯೋಚನೆ ಬಂತಂತೆ.

ನೀರು ಎದೆಗೆ ಬಂದಾಗ ಬಾಗಿಲು ತಾನಾಗಿಯೇ ಒಮ್ಮೆ ತೂಗಿತು.

"ಈಗ!" ಎಂದು ಟೀಚರಮ್ಮ ಕಿರುಚಿದರು. ಇಬ್ಬರೂ ಬಿದ್ದು ತಳ್ಳಿದರು. ನಿಧಾನವಾಗಿ, ಕೆಸರಿನಿಂದ ಕಾಲು ಕೀಳುವ ಹಾಗೆ, ಅದು ಒಬ್ಬರು ನುಸುಳುವಷ್ಟು ತೆರೆಯಿತು. ಚಿಕ್ಕಿ ಅತ್ತೆಯನ್ನು ಕುರ್ಚಿಯಿಂದ ಬೆನ್ನಿಗೆ ಎಳೆದುಕೊಂಡಳು. "ಕತ್ತು ಹಿಸುಕಬೇಡಿ ಅತ್ತೆ, ಭುಜ ಹಿಡ್ಕೊಳ್ಳಿ!" ಎಂದು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಕತ್ತನ್ನೇ ಹಿಡಿದರು. ಉಸಿರು ಕಟ್ಟಿದರೂ ಅವಳು ಕೈ ಬಿಡಿಸಲಿಲ್ಲ. ಮೆಟ್ಟಿಲ ಮೇಲೆ ಮೇಲಿಂದ ಬೀಳುವ ನೀರು ಕಾಲನ್ನು ಹಿಂದಕ್ಕೆ ನೂಕುತ್ತಿತ್ತು. ಒಂದು ಸಲ ಜಾರಿ ಇಬ್ಬರೂ ಪೂರ್ತಿ ಮುಳುಗಿದರು. ಹಿಂದಿದ್ದ ಟೀಚರಮ್ಮ ಸಿಕ್ಕಿದ್ದನ್ನು ಹಿಡಿದು ಎತ್ತಿದರು. ಅಷ್ಟರಲ್ಲಿ ಬಟ್ಟೆಯ ಥಾನೊಂದು ಬಿಚ್ಚಿಕೊಂಡು ಅವರ ಮುಂದೆ ಬಿತ್ತು. ಮೇಲೆ ಟೈಲರು, ಕಂಬಕ್ಕೆ ಕಾಲು ಕೊಟ್ಟು ಇನ್ನೊಂದು ತುದಿ ಹಿಡಿದಿದ್ದ. ಅವನು ಎಳೆದ, ಇವರು ಹತ್ತಿದರು.

ಆ ರಾತ್ರಿ ಮೂವರೂ ಟೈಲರನ ಮನೆಯಲ್ಲಿ, ಮೂರನೇ ಮಹಡಿಯಲ್ಲಿ, ಅವನ ಹೆಂಡತಿಯ ಒಣಬಟ್ಟೆ ಉಟ್ಟು ಕೂತಿದ್ದರು. ಅತ್ತೆಗೆ ಜ್ವರ ಬಂದು ಎದೆ ಕಟ್ಟಿತು. ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿ, ಅರ್ಧ ಆಳಾಗಿ ಮನೆಗೆ ಬಂದರು. ಬಣ್ಣ ತೊಳೆಯದೆ ಉಳಿದು ಟೀಚರಮ್ಮನ ನೆತ್ತಿಯ ಚರ್ಮ ಸುಟ್ಟಿತ್ತು. ಅವರು ಈಗ ಬಿಳಿ ಕೂದಲನ್ನೇ ಬಿಟ್ಟುಕೊಂಡು ಓಡಾಡುತ್ತಾರೆ, ಚಿಕ್ಕಿಯ ಮನೆಗೆ ಆಗಾಗ ಬಂದು ಅತ್ತೆಯ ಪಕ್ಕ ಸುಮ್ಮನೆ ಕೂತು ಹೋಗುತ್ತಾರೆ.

ಪಾರ್ಲರ್ ಮತ್ತೆ ತೆರೆಯಲಿಲ್ಲ. ಚಿಕ್ಕಿ ಮನೆಮನೆಗೆ ಹೋಗಿ ಕೆಲಸ ಮಾಡುತ್ತಾಳೆ. ಬಾಯಿ ಮೊದಲಿನಷ್ಟೇ ಜೋರು. ಆದರೆ ನಿದ್ದೆಯಲ್ಲಿ ಏನನ್ನೋ ತಳ್ಳುತ್ತಾಳಂತೆ. "ರಾತ್ರಿಯೆಲ್ಲ ನನ್ನ ಬೆನ್ನು ತಳ್ತಾಳೆ, ಮಂಚದಿಂದ ಬೀಳೋದೊಂದು ಬಾಕಿ," ಎಂದು ಅವಳ ಗಂಡ ತಮಾಷೆ ಮಾಡಲು ನೋಡಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಈ ವರ್ಷದ ಮೊದಲ ಮಳೆ ಹನಿದಾಗ ಅವಳು ನಮ್ಮ ಮನೆಯಲ್ಲಿ ನನ್ನ ಕೂದಲು ಕತ್ತರಿಸುತ್ತಿದ್ದಳು. ಕತ್ತರಿಯ ಸದ್ದು ನಿಂತಿತು. ಕನ್ನಡಿಯಲ್ಲಿ ನೋಡಿದೆ, ಅವಳ ಮುಖ ಬಿಳಿಚಿಕೊಂಡಿತ್ತು. "ಅತ್ತೆ ಒಬ್ಬರೇ ಇದ್ದಾರೆ," ಎಂದವಳೇ ಕತ್ತರಿಯನ್ನು ಹಾಗೇ ಮೇಜಿನ ಮೇಲೆ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಹೊರಗೆ ನೆಲ ಇನ್ನೂ ಸರಿಯಾಗಿ ನೆನೆದಿರಲಿಲ್ಲ. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಕೂದಲಿನಲ್ಲಿ ನಾನು ಅವಳ ಚಪ್ಪಲಿ ಎತ್ತಿಕೊಂಡು ಹಿಂದೆಯೇ ಹೋದೆ.